ಶೇಂಗಾ ಹಿಂಡಿ ಪ್ಯಾಕೆಟ್ಟಿನ ಮೇಲಿನ ಅಜ್ಜಿ

ಲೇಬಲ್ ವಿನ್ಯಾಸದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಲಗ್ಗೆರೆಯ ನಮ್ಮ ಮನೆಗೆ ಬರುತ್ತಾರೆ. ಕಾಫಿ ಲೋಟ ಕೈಗೆ ಬರುವ ಮೊದಲೇ ಅವರು ಕೇಳುವ ಪ್ರಶ್ನೆ ಒಂದೇ: "ಮೇಡಂ, ಈ ಫೀಲ್ಡಲ್ಲಿ ಸ್ಕೋಪ್ ಇದ್ಯಾ?" ಪೀಣ್ಯದ ಒಂದು ಸಣ್ಣ ಲೇಬಲ್ ಪ್ರೆಸ್ಸಿನಲ್ಲಿ ಕೂದಲು ನೆರೆಯುವವರೆಗೂ ಕೂತವಳು ನಾನು. ಉಪ್ಪಿನಕಾಯಿ, ಊದುಬತ್ತಿ, ಶಾವಿಗೆ, ಫಿನಾಯಿಲ್, ತಲೆಗೆ ಹಚ್ಚುವ ಎಣ್ಣೆ, ಮಂಡಿಗೆ ಹಚ್ಚುವ ಎಣ್ಣೆ, ಎಲ್ಲಕ್ಕೂ ಲೇಬಲ್ ಮಾಡಿದ್ದೇನೆ. ಸ್ಕೋಪ್ ಎನ್ನುವುದು ಯಾವ ದಿಕ್ಕಿನಲ್ಲಿದೆ ಎಂದು ನನಗೆ ಕೊನೆಯವರೆಗೂ ಕಾಣಲಿಲ್ಲ. ಬಡ್ತಿಯ ವಿಷಯವನ್ನಂತೂ ಕೇಳಲೇಬೇಡಿ. ಗೋಡೆ ಪಕ್ಕದ ಕುರ್ಚಿಯಿಂದ ಫ್ಯಾನಿನ ಕೆಳಗಿನ ಕುರ್ಚಿಗೆ ಬಂದದ್ದೇ ನನ್ನ ಬಡ್ತಿ, ಅದಕ್ಕೂ ಇನ್ನೊಬ್ಬರು ರಿಟೈರ್ ಆಗಬೇಕಾಯಿತು.

ನಿಮ್ಮದು ಸುಖದ ಕಾಲ ಬಿಡಿ. "ನಗುತ್ತಿರುವ ಹಳ್ಳಿ ಅಜ್ಜಿ" ಎಂದು ಟೈಪ್ ಮಾಡಿದರೆ ಸಾಕು, ಕಂಪ್ಯೂಟರು ಒಬ್ಬ ಅಜ್ಜಿಯನ್ನು ಹೆತ್ತು ಕೊಡುತ್ತದೆ. ಕೆಲವು ಸಲ ಅವಳ ಕೈಗೆ ಆರು ಬೆರಳಿರುತ್ತವೆ. ಇರಲಿ, ರೊಟ್ಟಿ ಬೇಗ ತಟ್ಟುತ್ತಾಳೆ. ನಮ್ಮಲ್ಲಿ ಹಾಗಿರಲಿಲ್ಲ. ಅಜ್ಜಿ ಬೇಕೆಂದರೆ ಯಾರಾದರೂ ಕೂತು ಕೈಯಲ್ಲಿ ಬರೆಯಬೇಕಿತ್ತು. ಆ ಚಿತ್ರವನ್ನು ನಾನು ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕಿ, ಸಾಫ್ಟ್‌ವೇರಿಗೆ ತಂದು, ಕಲೆ ಒರೆಸಿ, ಗೆರೆ ತಿದ್ದಿ, ಬಣ್ಣ ತುಂಬಿ, ಅಕ್ಷರ ಕೂರಿಸಬೇಕಿತ್ತು. ಇಷ್ಟೇ ನನ್ನ ಕೆಲಸ. ಇಷ್ಟರಲ್ಲಿ ಏನೇನು ಎಡವಟ್ಟು ಆಗಬಹುದು ಎಂದು ನಿಮಗೆ ಕಾಲೇಜಿನಲ್ಲಿ ಹೇಳಿಕೊಟ್ಟಿರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮಾಲೀಕರು ಚಿಕ್ಕಣ್ಣನವರು. ಒಳ್ಳೆಯ ಮನುಷ್ಯ, ಆದರೆ ಬಾಯಿ ಬಿಟ್ಟರೆ ಒಂದೇ ಮಾತು: "ಪದ್ಮಾ, ಒಂದ್ ಮೈನರ್ ಚೇಂಜ್ ಇದೆ ಕಣಮ್ಮ." ಅವರ ಮೈನರ್ ಚೇಂಜ್ ಎಂದರೆ ಇಡೀ ಲೇಬಲ್ಲನ್ನು ಮತ್ತೆ ಮೊದಲಿನಿಂದ ಮಾಡುವುದು ಎಂದರ್ಥ. ಒಮ್ಮೆ ಉಪ್ಪಿನಕಾಯಿಯವರು ಮಾವಿನಕಾಯಿಯ ಚಿತ್ರ ನೋಡಿ ವಾಪಸ್ ಕಳಿಸಿದರು.

"ಏನಂತೆ ಸಾರ್?"

"ಮಾವಿನಕಾಯಿ ಇನ್ನೂ ಸ್ವಲ್ಪ ಹುಳಿಯಾಗಿ ಕಾಣ್ಬೇಕಂತೆ."

ಹುಳಿಗೆ ಯಾವ ಬಣ್ಣ ಹೇಳಿ ನೋಡೋಣ. ಹಸಿರು ಜಾಸ್ತಿ ಮಾಡಿದೆ, ಹಳದಿ ಕಡಿಮೆ ಮಾಡಿದೆ, ಮಾವಿನಕಾಯಿ ಹೀರೇಕಾಯಿಯಾಯಿತು. ಕೊನೆಗೆ ಬಣ್ಣವನ್ನೆಲ್ಲ ಮೊದಲಿದ್ದ ಹಾಗೇ ಬಿಟ್ಟು, ಕೊಯ್ದ ಹೋಳಿನ ಮೇಲೆ ಉಪ್ಪಿನ ಹರಳು ಮತ್ತು ಚೂರು ಖಾರದಪುಡಿ ಉದುರಿಸಿದೆ. ಚಿಕ್ಕಣ್ಣನವರು ಸ್ಕ್ರೀನ್ ನೋಡುತ್ತಲೇ ಗುಟಕ್ಕನೆ ಎಂಜಲು ನುಂಗಿದರು. ಅವತ್ತೇ ಓಕೆ ಆಯಿತು.

ಇದಕ್ಕಿಂತ ದೊಡ್ಡ ಎಡವಟ್ಟು ಆದದ್ದು ಆಯುಧಪೂಜೆಯಿಂದ. ಪೀಣ್ಯದಲ್ಲಿ ಆಯುಧಪೂಜೆ ಎಂದರೆ ನಿಮಗೆ ಗೊತ್ತಲ್ಲ, ಸ್ಕ್ರೂ ಡ್ರೈವರಿಗೂ ಹೂವು ಬೀಳುತ್ತದೆ. ಆ ವರ್ಷ ಚಿಕ್ಕಣ್ಣನವರು ಭಕ್ತಿ ಉಕ್ಕಿ, ಪ್ರಿಂಟಿಂಗ್ ಮೆಷಿನ್ನಿಗೆ ವಿಭೂತಿಯ ಮೂರು ಪಟ್ಟೆ ಎಳೆದು, ಕೀಬೋರ್ಡಿಗೆ ಕುಂಕುಮ ಇಟ್ಟು, ಸ್ಕ್ಯಾನರಿನ ಮುಚ್ಚಳವನ್ನೂ ತೆಗೆದು ಗಾಜಿನ ಮೇಲೆ ಒಂದು ಬೊಟ್ಟು ಒತ್ತಿದ್ದಾರೆ. ಮಾರನೆಯ ದಿನ ಪ್ರೆಸ್ಸಿನ ಹುಡುಗರು ಒರೆಸಿದರು, ಆದರೆ ಒಂದು ಕಣ ಅಲ್ಲೇ ಉಳಿದುಕೊಂಡಿತು. ನಾನು ಒಂದು ಶಾವಿಗೆ ಕಂಪನಿಯ ಚಿತ್ರವನ್ನು ಸ್ಕ್ಯಾನ್ ಮಾಡಿದೆ. ಮೂಲೆಯಲ್ಲಿ ಕಂದು ಮಿಶ್ರಿತ ಕೆಂಪು ಚುಕ್ಕೆಯೊಂದು ಮೂಡಿತು. ನನ್ನ ಕಣ್ಣಿಗೂ ಬೀಳಲಿಲ್ಲ, ಚಿಕ್ಕಣ್ಣನವರ ಕಣ್ಣಿಗೂ ಬೀಳಲಿಲ್ಲ, ಲೇಬಲ್ ಪ್ರಿಂಟ್ ಆಗಿ ಹೋಯಿತು. ಶಾವಿಗೆಯವರು ಪ್ಯಾಕೆಟ್ ಹಿಡಿದುಕೊಂಡು ಓಡಿ ಬಂದರು.

"ಏನ್ ಸಾರ್ ಇದು? ನಾವು ಪಕ್ಕಾ ವೆಜ್ಜು, ನೀವು ನಾನ್‌ವೆಜ್ ಮಾರ್ಕ್ ಹಾಕಿದ್ದೀರಾ! ನಮ್ಮತ್ತೆ ಎರಡು ದಿನದಿಂದ ಊಟ ಬಿಟ್ಟಿದ್ದಾರೆ!"

ಚಿಕ್ಕಣ್ಣನವರು ಸ್ಕ್ಯಾನರ್ ಮುಚ್ಚಳ ತೆಗೆದು ನೋಡಿದರು. ಅವರು ಇಟ್ಟ ಕುಂಕುಮ ಅವರನ್ನೇ ನೋಡುತ್ತಿತ್ತು. ಅವತ್ತಿನಿಂದ ಪ್ರೆಸ್ಸಿನಲ್ಲಿ ಒಂದು ಕಾನೂನು ಬಂತು: ಸ್ಕ್ಯಾನ್ ಆದ ಪ್ರತಿಯೊಂದು ಚಿತ್ರಕ್ಕೂ ಧೂಳು ಮತ್ತು ಗೀರು ತೆಗೆಯುವ ಫಿಲ್ಟರ್ ಹಾಕಲೇಬೇಕು. ಸಾಫ್ಟ್‌ವೇರಿನಲ್ಲಿ ಅದೊಂದು ಬಟನ್. ಒತ್ತಿದರೆ ಸಣ್ಣ ಚುಕ್ಕೆ, ತೆಳು ಗೆರೆ ಎಲ್ಲ ಮಾಯವಾಗಿ ಚಿತ್ರ ಸ್ನಾನ ಮಾಡಿಸಿದ ಕೂಸಿನ ಹಾಗೆ ನುಣ್ಣಗಾಗುತ್ತದೆ. "ಕ್ಲೀನ್ ಇರ್ಬೇಕಮ್ಮ, ಕ್ಲೀನ್!" ಎಂದು ದಿನಕ್ಕೊಂದು ಸಲ ಚಿಕ್ಕಣ್ಣನವರು ನೆನಪಿಸುತ್ತಿದ್ದರು. ನನ್ನ ಬೆರಳು ಆ ಬಟನ್ನಿಗೆ ಎಷ್ಟು ಒಗ್ಗಿಹೋಯಿತೆಂದರೆ ತಲೆ ಕೇಳುವ ಮೊದಲೇ ಒತ್ತಿಬಿಡುತ್ತಿತ್ತು. ಗೌರಮ್ಮ ಬಂದದ್ದು ಇಂಥ ಕಾಲದಲ್ಲಿ.

ಗೌರಮ್ಮ ಬಾಗಲಕೋಟೆ ಕಡೆಯವಳು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಗಂಡನ ಜೊತೆ ಇದ್ದಳು. ಗಂಡ ಕಟ್ಟಡದ ಕೆಲಸಕ್ಕೆ, ಇವಳು ಗಾರ್ಮೆಂಟ್ಸಿಗೆ. ರಜೆಯ ದಿನ ಶೇಂಗಾ ಹಿಂಡಿ ಕುಟ್ಟಿ ಪರಿಚಯದವರಿಗೆ ಮಾರುತ್ತಿದ್ದಳು. ಹಿಂಡಿ ಎಂದರೆ ನಮ್ಮ ಬೆಂಗಳೂರಿನವರ ಬಾಯಲ್ಲಿ ಕಡಲೆಕಾಯಿ ಚಟ್ನಿಪುಡಿ. ಆದರೆ ಅವಳ ಎದುರು ಹಾಗೆ ಅಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದಳು. ವೈಟ್‌ಫೀಲ್ಡ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ದಾವಣಗೆರೆ ಕಡೆಯವರ ಗೃಹಪ್ರವೇಶಕ್ಕೆ ಇವಳ ಹಿಂಡಿ ಹೋಗಿ, ಅಲ್ಲಿಯವರೆಲ್ಲ ಬೆರಳು ಚೀಪಿ, ಕೆಳಗಿನ ಅಂಗಡಿಯವರು ತಾವೂ ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಒಂದೇ ಷರತ್ತು, ಪ್ಯಾಕೆಟ್ಟಿನ ಮೇಲೆ ಅಚ್ಚುಕಟ್ಟಾದ ಲೇಬಲ್ ಇರಬೇಕು.

ಅವಳು ಪ್ರೆಸ್ಸಿಗೆ ಬಂದು, ಸೆರಗಿನ ಒಳಗಿಂದ ಸುರುಳಿ ಸುತ್ತಿದ ಹಳೆಯ ಕ್ಯಾಲೆಂಡರ್ ಹಾಳೆಯೊಂದನ್ನು ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿದಳು. ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಒಬ್ಬ ಹೆಂಗಸಿನ ಮುಖ. ತಲೆ ತುಂಬ ಸೆರಗು, ಹಣೆಯ ಮೇಲೆ ವಿಭೂತಿ, ಗದ್ದದ ಮೇಲೆ ಹಚ್ಚೆಯ ಚುಕ್ಕೆಗಳು.

"ನಮ್ಮವ್ವರಿ. ನಾನ ಬರದೀನ್ರಿ ಅಕ್ಕಾರ. ಹಿಂಡಿ ಕುಟ್ಟೂದು ಕಲಿಸಿದಾಕಿ ಅಕಿನ. ಅಕಿ ಮಾರಿನ ಹಾಕ್ರಿ ಪಾಕೀಟಿನ ಮ್ಯಾಲ."

"ಫೋಟೊ ಇಲ್ವಾ ಗೌರಮ್ಮ? ಫೋಟೊ ಇದ್ರೆ ನನಗೂ ಸಲೀಸು."

"ಒಂದೂ ಇಲ್ರಿ. ಫೋಟೊ ಅಂದ್ರ ಅಕಿಗಿ ಆಗ್ತಿರ್ಲಿಲ್ಲ. ನಾ ಕಡೀ ಮಗಳು, ಸಣ್ಣಾಕಿ ಇದ್ದಾಗನ ಹೋಗಿಬಿಟ್ಲು." ಅವಳು ಹಾಳೆಯ ಮುದುರಿದ ಅಂಚನ್ನು ಬೆರಳಿನಿಂದ ನೇರ ಮಾಡುತ್ತಿದ್ದಳು. "ನಮ್ಮಣ್ಣಗ ಫೋನ್ ಮಾಡಿ ಹೇಳಿದ್ರ ನಗ್ತಾನ್ರಿ. ನಿನಗೇನ ನೆನಪಿರ್ತೈತಿ, ಯಾರದರ ಮಾರಿ ಬರದು ಅವ್ವ ಅಂತಿ, ಅಂದ. ಖರೇನ ಹೇಳ್ಬೇಕಂದ್ರ ನನಗೂ ಹೆದರಿಕಿ ಐತ್ರಿ ಅಕ್ಕಾರ. ಈಗೀಗ ಅವ್ವನ ನೆನಸಿಕೊಂಡ್ರ ಧ್ವನಿ ಬರತೈತಿ, ಮಾರಿ ಬರೂದಿಲ್ಲ. ಪೂರಾ ಹೋಗೂದ್ರಾಗ ಬರದು ಇಡೂಣಂತ ಕುಂತೆ."

ಅವಳ ಅಣ್ಣ ಮಲ್ಲಪ್ಪ ಊರಿನಲ್ಲೇ ಇದ್ದವರು. ತಾಯಿ ಹೋದ ಮೇಲೆ ಇವಳನ್ನು ಸಾಕಿ ಮದುವೆ ಮಾಡಿಕೊಟ್ಟವರು ಅವರೇ. ತಾಯಿಯ ಮುಖವನ್ನು ಸರಿಯಾಗಿ ನೋಡಿದ್ದವರು, ನೆನಪಿಟ್ಟುಕೊಂಡವರು ಎಂದರೆ ಭೂಮಿಯ ಮೇಲೆ ಅವರೊಬ್ಬರೇ. ಗೌರಮ್ಮನಿಗೆ ಹಿಂಡಿ ಮಾರಾಟದ ಆಸೆ ಇತ್ತು, ಇಲ್ಲ ಎನ್ನಲಾರೆ. ಆದರೆ ಅವಳನ್ನು ಒಳಗೊಳಗೇ ತಿನ್ನುತ್ತಿದ್ದದ್ದು ಬೇರೆ. ಆ ಹಾಳೆಯ ಮೇಲಿದ್ದದ್ದು ಅವಳ ಅವ್ವನೋ, ಅವಳೇ ಕಟ್ಟಿಕೊಂಡ ಇನ್ಯಾರೋ ಎನ್ನುವ ಅನುಮಾನ.

ನನಗೆ ಇದೆಲ್ಲ ಆ ಹೊತ್ತಿಗೆ ಅಷ್ಟಾಗಿ ತಲೆಗೆ ಹೋಗಲಿಲ್ಲ. ಕೇಳಿಸಿಕೊಂಡೆ, ಪಾಪ ಅಂದುಕೊಂಡೆ, ಸ್ಕ್ಯಾನ್ ಮಾಡಿದೆ. ಮಾಡಿದರೆ, ಕ್ಯಾಲೆಂಡರಿನ ಇನ್ನೊಂದು ಬದಿಯ ತಾರೀಖುಗಳೆಲ್ಲ ತೆಳ್ಳಗೆ ಈ ಕಡೆಗೂ ಇಣುಕಿವೆ. ಅವ್ವನ ಒಂದು ಕೆನ್ನೆಯ ಮೇಲೆ ಅಮಾವಾಸ್ಯೆ, ಇನ್ನೊಂದು ಕೆನ್ನೆಯ ಮೇಲೆ ಸರ್ಕಾರಿ ರಜೆ. ಬೆರಳು ತಾನಾಗಿ ಹೋಗಿ ಫಿಲ್ಟರ್ ಒತ್ತಿತು. ಒಂದು ಸಲಕ್ಕೆ ಅಮಾವಾಸ್ಯೆ ಹೋಗಲಿಲ್ಲ, ಇನ್ನೊಂದು ಸಲ ಒತ್ತಿದೆ. ಆಮೇಲೆ ಬಣ್ಣ ತುಂಬಿದೆ. ಲೇಬಲ್ಲಿನ ಮೇಲಿರುವವರು ನಗಬೇಕು ಎನ್ನುವುದು ನಮ್ಮ ಕಸುಬಿನ ಪದ್ಧತಿ, ಹಾಗಾಗಿ ತುಟಿಯ ಎರಡೂ ಕೊನೆಗಳನ್ನು ಒಂಚೂರು ಮೇಲಕ್ಕೆ ಎಳೆದೆ. ಚಿಕ್ಕಣ್ಣನವರು ಹಿಂದಿನಿಂದ ಬಂದು ನೋಡಿ, "ಎಷ್ಟ್ ಲಕ್ಷಣವಾಗಿದ್ದಾರಮ್ಮ ಅಜ್ಜಿ! ಇವರನ್ನ ನೋಡಿದ್ರೆ ಹಿಂಡಿ ಅಲ್ಲ, ಇಟ್ಟಿಗೆ ಕೊಟ್ರೂ ತಗೋತಾರೆ" ಎಂದು ಶಹಭಾಸ್ ಹೇಳಿ ಹೋದರು.

ಮುಂದಿನ ರಜೆಗೆ ಗೌರಮ್ಮ ಬಂದಳು. ನಾನು ಕುರ್ಚಿ ಸರಿಸಿ, ದೊಡ್ಡದೇನೋ ಸಾಧಿಸಿದವಳ ಹಾಗೆ ಸ್ಕ್ರೀನ್ ಅವಳ ಕಡೆ ತಿರುಗಿಸಿದೆ. ಅವಳು ಬಗ್ಗಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಇಕಿ ಯಾರ್ರಿ?"

"ನಿಮ್ಮವ್ವ ಅಲ್ವಾ?"

"ಅಲ್ರಿ. ಹಣಿ ಮ್ಯಾಲಿನ ಈಬತ್ತಿ ಎಲ್ಲೈತ್ರಿ? ಗದ್ದದ ಮ್ಯಾಲಿನ ಬೊಟ್ಟ ಎಲ್ಲಿ ಹೋದ್ವು?"

ಆಗ ನನಗೆ ಗೊತ್ತಾಯಿತು. ವಿಭೂತಿಯ ಮೂರು ಗೆರೆಗಳನ್ನು ಸಾಫ್ಟ್‌ವೇರು ಗೀರು ಎಂದು ತಿಳಿದು ಒರೆಸಿ ಹಾಕಿದೆ. ಹಚ್ಚೆಯ ಚುಕ್ಕೆಗಳನ್ನು ಧೂಳು ಎಂದು ಗುಡಿಸಿ ಹಾಕಿದೆ. ಬಿಸಿಲಿಗೆ ಬಿದ್ದ ಸುಕ್ಕುಗಳನ್ನೂ ಬಿಟ್ಟಿಲ್ಲ. ಶಿವನ ಭಕ್ತೆಯೊಬ್ಬಳ ಹಣೆಯನ್ನು ಬೋಳು ಮಾಡಿ, ನಗು ಅಂಟಿಸಿ ಕೂರಿಸಿದ್ದೆ. ಯಂತ್ರಕ್ಕೇನು ಗೊತ್ತು, ಅದು ಕಾಶಿಗೂ ಹೋಗಿಲ್ಲ, ಕೂಡಲಸಂಗಮಕ್ಕೂ ಹೋಗಿಲ್ಲ. ನನಗೆ ಗೊತ್ತಿರಬೇಕಿತ್ತು. ಗೌರಮ್ಮನ ಗಾಬರಿ ಇನ್ನೊಂದು ಬಗೆಯದು.

"ಹಾಳಿ ಮ್ಯಾಲಿಂದೂ ಅಳಿಸಿ ಹೋತೇನ್ರಿ?" ಎಂದಳು. ನಾನು ಡ್ರಾಯರ್ ಎಳೆದು ಕ್ಯಾಲೆಂಡರ್ ಹಾಳೆಯನ್ನು ಅವಳ ಕೈಗಿಟ್ಟ ಮೇಲೆಯೇ ಅವಳಿಗೆ ಉಸಿರು ಬಂದದ್ದು.

ಅದನ್ನೇ ನೋಡುತ್ತಾ ನಿಂತವಳು, "ಇದೂ ಪೂರಾ ಅವ್ವ ಅಲ್ರಿ" ಎಂದಳು. "ಎಲ್ಲೋ ತಪ್ಪೈತಿ. ಎಲ್ಲಿ ಅಂತ ತಿಳೀವಲ್ದು."

ನನಗೆ ಏನನ್ನಿಸಿತೋ, ಪಕ್ಕದ ಸ್ಟೂಲ್ ಎಳೆದು ಕೊಟ್ಟೆ. "ಕೂತ್ಕೊಳ್ಳಿ. ಇಬ್ರೂ ಸೇರಿ ಹುಡುಕೋಣ" ಎಂದೆ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಕೂತು ತಿದ್ದುವ ಕೆಲಸ. ಪ್ರತಿ ರಜೆಗೂ ಗೌರಮ್ಮ ಬರುತ್ತಿದ್ದಳು, ಡಬ್ಬಿಯಲ್ಲಿ ರೊಟ್ಟಿ ತರುತ್ತಿದ್ದಳು. ಮೂಗನ್ನು ಒಂದು ಲೇಯರ್ ಮಾಡಿದೆ, ಕಣ್ಣನ್ನು ಒಂದು ಲೇಯರ್ ಮಾಡಿದೆ. ಲೇಯರ್ ಎಂದರೆ ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆ ಎಂದುಕೊಳ್ಳಿ, ಒಂದನ್ನು ಸರಿಸಿದರೆ ಇನ್ನೊಂದು ಅಲುಗುವುದಿಲ್ಲ. ಅವಳು ಕಣ್ಣು ಮುಚ್ಚಿ, ತನ್ನದೇ ಮೂಗು ಸವರಿಕೊಂಡು, "ಸ್ವಲ್ಪ ಕೆಳಗ ತರ್ರಿ... ಇನ್ನೊಂಚೂರು... ಅಯ್ಯ, ಭಾಳ ಆತು" ಎನ್ನುತ್ತಿದ್ದಳು. ನಾನು ಮೌಸ್ ಹಿಡಿದು ಮೂಗನ್ನು ಮೇಲೆ ಕೆಳಗೆ ಓಡಾಡಿಸುತ್ತಿದ್ದೆ. ಚಿಕ್ಕಣ್ಣನವರು ಹಾದು ಹೋಗುವಾಗಲೆಲ್ಲ ಕಿಚಾಯಿಸುತ್ತಿದ್ದರು.

"ಏನಮ್ಮ ಪದ್ಮ, ಅಜ್ಜಿ ಇನ್ನೂ ಮುಗೀಲಿಲ್ವಾ? ಇದೇ ಸ್ಪೀಡಲ್ಲಿ ಹೋದ್ರೆ ನೀನೇ ಅಜ್ಜಿ ಆಗಿರ್ತೀಯ."

"ಅಜ್ಜಿ ಅಲ್ರಿ ಸಾಹೇಬ್ರ, ಅವ್ವ" ಎಂದು ಗೌರಮ್ಮ ತಿದ್ದುತ್ತಿದ್ದಳು.

ವಿಭೂತಿಯದ್ದು ದೊಡ್ಡ ರಾಮಾಯಣವಾಯಿತು. ನಾನು ಮೌಸಿನಲ್ಲಿ ಮೂರು ಬಿಳಿ ಗೆರೆ ಎಳೆದರೆ ಅದು ರಸ್ತೆ ದಾಟುವ ಪಟ್ಟಿಯ ಹಾಗೆ ಕಾಣುತ್ತಿತ್ತು. ಅಂಚು ಮಸುಕು ಮಾಡಿದರೆ ಸುಣ್ಣ ಚೆಲ್ಲಿದ ಹಾಗೆ. ಗೌರಮ್ಮ ನೋಡುವಷ್ಟು ನೋಡಿ, ಎದ್ದು ಹೋಗಿ ಚಿಕ್ಕಣ್ಣನವರ ದೇವರ ಗೂಡಿನಿಂದ ವಿಭೂತಿ ಉಂಡೆ ತಂದಳು. ಒಂದು ಕಪ್ಪು ಕಾಗದ ಕೇಳಿದಳು. ಮೂರು ಬೆರಳು ಒದ್ದೆ ಮಾಡಿ, ಉಂಡೆಗೆ ಒರೆಸಿ, ಕಾಗದದ ಮೇಲೆ ಎಡದಿಂದ ಬಲಕ್ಕೆ ಎಳೆದಳು.

"ಅವ್ವ ಹಿಂಗ ಹಚ್ಕೊಂತಿದ್ಲು. ಮೊದಲ ದಪ್ಪ ಬರತೈತಿ, ಹೋಗ್ತ ಹೋಗ್ತ ಸವೀತೈತಿ. ಇದನ್ನ ಹಾಕ್ರಿ."

ಒಣಗಿದ ಮೇಲೆ ಆ ಕಾಗದವನ್ನು ಸ್ಕ್ಯಾನರ್ ಹತ್ತಿರ ಒಯ್ಯುತ್ತಿದ್ದೆ. ಚಿಕ್ಕಣ್ಣನವರು ಆ ತುದಿಯಿಂದ ನೋಡಿದವರೇ, "ಅಯ್ಯೋ ಬೇಡ ಕಣಮ್ಮಾ, ಕುಂಕುಮದ್ದೇ ಇನ್ನೂ ಮರ್ತಿಲ್ಲ, ಈಗ ವಿಭೂತೀನಾ!" ಎಂದು ಕೂಗುತ್ತಾ ಓಡಿ ಬಂದರು. ಕೊನೆಗೆ ಗಾಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಸ್ಕ್ಯಾನ್ ಮಾಡಿದ್ದಾಯಿತು. ಕಪ್ಪನ್ನು ತೆಗೆದುಹಾಕಿ, ಬಿಳಿಯನ್ನಷ್ಟೇ ಎತ್ತಿ ಅವ್ವನ ಹಣೆಯ ಮೇಲೆ ಇಟ್ಟೆ. ಸರಿಯಾಗಿ ಕೂತಿತು. ಫಿಲ್ಟರ್ ಕಡೆ ಮಾತ್ರ ಕೈ ಹೋಗದಂತೆ ನೋಡಿಕೊಂಡೆ.

ಹಚ್ಚೆ ಬಂತು, ಸುಕ್ಕು ಬಂತು. ಆದರೂ ಗೌರಮ್ಮ ತಲೆ ಅಲ್ಲಾಡಿಸುತ್ತಲೇ ಇದ್ದಳು. ಒಂದು ದಿನ ಇದ್ದಕ್ಕಿದ್ದಂತೆ ಕೇಳಿದಳು.

"ಅಕ್ಕಾರ, ಈಕಿ ಯಾಕ ನಗಾಕತ್ತಾಳ?"

"ಲೇಬಲ್ ಮೇಲಿರೋರು ನಗ್ಬೇಕು ಗೌರಮ್ಮ."

"ಯಾಕ್ರಿ?"

ಅಷ್ಟು ವರ್ಷ ಕೆಲಸ ಮಾಡಿದ್ದೆ, ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. "ಮತ್ತೆ ಹೇಗಿರ್ತಿದ್ರು?" ಎಂದೆ.

"ನಗ್ತಿದ್ಲು, ಇಲ್ಲಂತಲ್ಲ. ಆದ್ರ ನನಗ ನೆನಪಿರೂದು ಅದಲ್ಲ. ನಾವು ಏನರ ಕಿತಾಪತಿ ಮಾಡಿದ್ರ ಬೈತಿರಲಿಲ್ರಿ, ಹೊಡೀತಿರಲಿಲ್ಲ. ಸುಮ್ನ ನೋಡ್ತಿದ್ಲು. ಒಂದ ಹುಬ್ಬ ಮ್ಯಾಲ ಹೋಗ್ತಿತ್ತು. ಅಷ್ಟ. ನಮ್ಮ ಕೈಕಾಲು ತಣ್ಣಗಾಗ್ತಿದ್ವು."

ತುಟಿಯ ಕೊನೆಗಳನ್ನು ಇಳಿಸಿದೆ. ಆಮೇಲೆ ಎಡ ಹುಬ್ಬನ್ನು ಹಿಡಿದು ಕೂದಲೆಳೆಯಷ್ಟು ಮೇಲಕ್ಕೆ ತಂದೆ. ಪಕ್ಕದಲ್ಲಿ ಆರಾಮವಾಗಿ ಕಾಲು ಚಾಚಿ ಕೂತಿದ್ದ ಗೌರಮ್ಮ ಕಾಲು ಹಿಂದಕ್ಕೆ ಎಳೆದುಕೊಂಡಳು. ಸೆರಗು ಸರಿ ಮಾಡಿಕೊಂಡಳು.

"ಸಾಕ್ರಿ ಅಕ್ಕಾರ" ಎಂದಳು ಮೆಲ್ಲಗೆ. "ಕೈ ತಗೀರಿ."

ನಾನು ಮೌಸ್ ಬಿಟ್ಟೆ. ಸುಳ್ಳು ಯಾಕೆ ಹೇಳಲಿ, ಮಾವಿನಕಾಯಿ, ತೆಂಗಿನಕಾಯಿ ಎಂದು ಬಣ್ಣ ಹಚ್ಚಿ ಹಚ್ಚಿ ಸವೆದಿದ್ದ ನನ್ನ ಕಸುಬಿನ ಮೇಲೆ ಅವತ್ತು ನನಗೆ ಪ್ರೀತಿ ಉಕ್ಕಿ ಬಂತು.

ಚಿಕ್ಕಣ್ಣನವರನ್ನು ಕೂಗಿ ತೋರಿಸಿದೆ. ಅವರೂ ನೋಡುತ್ತಲೇ ಯಾಕೋ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಆಮೇಲೆ ವ್ಯವಹಾರ ನೆನಪಾಯಿತು. "ಸರಿ, ಪ್ಲೇಟ್ ಮಾಡ್ಸಣ. ಮೆಷಿನ್ ಖಾಲಿ ಇದೆ, ನಾಳೇನೇ ಹಾಕ್ಬಿಡಣ" ಎಂದರು. ನಾನು ಪ್ಯಾಕೆಟ್ಟಿನ ನಕ್ಷೆ ತೆಗೆದು ಅವ್ವನನ್ನು ಅದರ ಮೇಲೆ ಕೂರಿಸಿ ತೋರಿಸಿದೆ. ಮೇಲ್ಗಡೆ ಒಂದು ಚುಕ್ಕೆ ಚುಕ್ಕೆಯ ಗೆರೆ ಇತ್ತು, ಗೌರಮ್ಮ ಅದರ ಮೇಲೆ ಬೆರಳಿಟ್ಟಳು.

"ಇದೇನ್ರಿ?"

"ಅಲ್ಲಿ ಹರಿಯೋದು. ಪ್ಯಾಕೆಟ್ ಓಪನ್ ಮಾಡೋಕೆ."

ಗೆರೆ ಸರಿಯಾಗಿ ಅವ್ವನ ಹಣೆಯ ಮೇಲೆ, ವಿಭೂತಿಯ ನಡುವೆ ಹಾದು ಹೋಗುತ್ತಿತ್ತು. "ಚಿತ್ರಾನ ಕೆಳಗೆ ಇಳಿಸ್ತೀನಿ ಬಿಡಿ" ಎಂದೆ. ಗೌರಮ್ಮ ಕೇಳಿಸಿಕೊಳ್ಳಲಿಲ್ಲ.

"ಹರದು ಏನ್ ಮಾಡ್ತಾರ್ರಿ?"

"ಹಿಂಡಿ ಡಬ್ಬಿಗೆ ಹಾಕ್ಕೋತಾರೆ, ಪ್ಯಾಕೆಟ್ ಬಿಸಾಕ್ತಾರೆ."

"ಕಸದಾಗೇನ್ರಿ?"

ಗೌರಮ್ಮ ಚಿಕ್ಕಣ್ಣನವರ ಕಡೆ ತಿರುಗಿದಳು. "ಬ್ಯಾಡ್ರಿ ಸಾಹೇಬ್ರ. ಪಾಕೀಟಿಗಿ ಅವ್ವ ಬ್ಯಾಡ."

"ಅಯ್ಯೋ ದೇವ್ರೇ!" ಚಿಕ್ಕಣ್ಣನವರು ಹಣೆ ಚಚ್ಚಿಕೊಂಡರು. "ಹಾಗಾದ್ರೆ ಇಷ್ಟ್ ದಿನ ಮೂಗು, ಹುಬ್ಬು ಅಂತ ಕೂತಿದ್ದು ಯಾವ ಪುರುಷಾರ್ಥಕ್ಕಮ್ಮ? ಅಂಗಡಿಯವರಿಗೆ ಏನ್ ಕಳಿಸ್ತೀಯ, ಖಾಲಿ ಕವರಾ?"

ಗೌರಮ್ಮ ಯೋಚನೆ ಮಾಡಿದಳು. ಆಮೇಲೆ ನನ್ನನ್ನು ಕೇಳಿದಳು.

"ಆ ಬಾಯಾರ ಎಲ್ಲಿ ಅದಾರ್ರಿ?"

"ಯಾವ ಬಾಯಾರು?"

"ಮೊದ್ಲ ಬಂದಿದ್ರಲ್ರಿ, ನಗಾಕಿ. ಹಣಿ ಬೋಳು ಇತ್ತಲ್ಲ, ಅಕಿ."

ಆ ಫೈಲು ಹಾಗೇ ಇತ್ತು. ತೆರೆದೆ. ಧೂಳಿಲ್ಲ, ಗೀರಿಲ್ಲ, ಕೆನ್ನೆ ನುಣ್ಣಗೆ, ಎರಡೂ ಕಡೆ ನಗು. ಗೌರಮ್ಮ ಅವಳನ್ನು ನೆಂಟರ ಮನೆಗೆ ಕೂಲಿಗೆ ಬಂದವಳನ್ನು ನೋಡುವ ಹಾಗೆ ನೋಡಿದಳು.

"ಇಕಿನ್ನ ಹಾಕ್ರಿ. ಇಕಿ ನಮ್ಮವ್ವ ಅಲ್ಲ, ಯಾರವ್ವನೂ ಅಲ್ಲ. ಹರದ್ರೂ ಅಕಿಗೇನ ನೋವಿಲ್ಲ, ಒಗದ್ರೂ ನನಗೇನ ಅನಸೂದಿಲ್ಲ. ಹೆಸರು ನಂದ ಹಾಕ್ರಿ."

ನನ್ನ ಎಡವಟ್ಟೇ ಹೀಗೆ ಓಕೆ ಆಗಿ ಪ್ರಿಂಟಿಗೆ ಹೋಯಿತು. ಚಿಕ್ಕಣ್ಣನವರಿಗೆ ಖುಷಿಯೋ ಖುಷಿ, ಅವರಿಗೆ ಮೊದಲಿಂದಲೂ ಆ ಅಜ್ಜಿಯೇ ಇಷ್ಟ. ಆ ಪ್ಯಾಕೆಟ್ ಇವತ್ತಿಗೂ ವೈಟ್‌ಫೀಲ್ಡ್‌ನಲ್ಲಿ ಹೋಗುತ್ತಿದೆ, ಈಗ ಎಲೆಕ್ಟ್ರಾನಿಕ್ ಸಿಟಿಗೂ ಹೋಗುತ್ತದೆ. ಗೌರಮ್ಮ ಗಾರ್ಮೆಂಟ್ಸ್ ಬಿಟ್ಟಿದ್ದಾಳೆ. ತಮಾಷೆಯೆಂದರೆ, ಅಂಗಡಿಗೆ ಬರುವ ಹೆಂಗಸರು ಪ್ಯಾಕೆಟ್ ಕೈಗೆತ್ತಿಕೊಂಡು "ಥೇಟ್ ನಮ್ಮಜ್ಜಿ ಥರಾನೇ ಇದ್ದಾರೆ!" ಎನ್ನುತ್ತಾರಂತೆ. ಮಂಗಳೂರಿನವರೂ ಹಾಗೇ ಅನ್ನುತ್ತಾರೆ, ಲಕ್ನೋದವರೂ ಹಾಗೇ ಅನ್ನುತ್ತಾರೆ. ಯಾರ ಗುರುತೂ ಇಲ್ಲದ ಮುಖ ಎಲ್ಲರ ಮನೆಗೂ ಸಲ್ಲುತ್ತದೆ ಎಂದು ಕಾಣುತ್ತದೆ. ಸ್ಕೋಪ್ ಕೇಳುವವರು ಬೇಕಾದರೆ ಇದನ್ನು ಬರೆದುಕೊಳ್ಳಿ.

ಆದರೆ ಆ ದಿನ ನಡೆದದ್ದು ಅಷ್ಟಕ್ಕೇ ಮುಗಿಯಲಿಲ್ಲ. ಚಿಕ್ಕಣ್ಣನವರು ಹೊರಡುತ್ತಿದ್ದವರು ಬಾಗಿಲಲ್ಲಿ ನಿಂತರು. ನಮ್ಮ ಪ್ರೆಸ್ಸಿನಲ್ಲಿ ಒಂದೇ ಒಂದು ಕಾಪಿ ತೆಗೆಯುವುದೆಂದರೆ ಮದುವೆಗೆ ಹಾಕಿದ ಒಲೆಯಲ್ಲಿ ಒಂದು ಲೋಟ ಕಾಫಿ ಕಾಯಿಸಿದ ಹಾಗೆ. ಅಂಥ ಮಾತೆತ್ತಿದರೆ ಅವರು ಉರಿದುಬೀಳುತ್ತಿದ್ದರು. "ಪದ್ಮಾ" ಎಂದರು, "ಆ ಅವ್ವನ್ನ ಒಳ್ಳೆ ಪೇಪರ್ ಮೇಲೆ ಒಂದು ತೆಗೆದುಕೊಡು. ದೊಡ್ಡದು ತೆಗಿ. ಟೆಸ್ಟ್ ಪ್ರಿಂಟ್ ಅಂತ ಬರ್ಕೋ." ಅಜ್ಜಿ ಎನ್ನದೆ ಅವ್ವ ಎಂದದ್ದನ್ನು ನಾನೂ ಗೌರಮ್ಮನೂ ಗಮನಿಸಿದೆವು.

ಪ್ರಿಂಟ್ ಬಂತು. ಗೌರಮ್ಮ ಅದನ್ನು ಮುಟ್ಟಲಿಲ್ಲ, ಕೈಯನ್ನು ಸೀರೆಗೆ ಒರೆಸಿಕೊಂಡು ಹಾಗೇ ನಿಂತಳು. ನನಗೆ ಸರಿ ಕಂಡಿತ್ತು, ಅವಳಿಗೂ ಸರಿ ಕಂಡಿತ್ತು, ಆದರೆ ಅವಳ ಮುಖದಲ್ಲಿ ಹಳೆಯ ಹೆದರಿಕೆ ಇನ್ನೂ ಇತ್ತು.

"ಅಣ್ಣಗ ತೋರಸ್ತೀನ್ರಿ" ಎಂದಳು. "ಅಲ್ಲ ಅಂದ್ರ ಅಲ್ಲ. ತಿಳದಂಗರ ಆಗ್ತೈತಿ."

ನಾನು ಪ್ರಿಂಟನ್ನು ಎರಡೂ ಕೈಯಲ್ಲಿ ಹಿಡಿದು ಬೆನ್ನ ಹಿಂದೆ ಇಟ್ಟುಕೊಂಡೆ. ಅವಳು ವಿಡಿಯೊ ಕಾಲ್ ಮಾಡಿದಳು. ಮಲ್ಲಪ್ಪ ಯಾವುದೋ ಕಟ್ಟೆಯ ಮೇಲೆ ಕೂತಿದ್ದರು. ಬಿಳಿ ಮೀಸೆ, ತಲೆಗೆ ರುಮಾಲು, ಬೆರಳ ಸಂದಿಯಲ್ಲಿ ಬೀಡಿ. ಮೊಮ್ಮಕ್ಕಳನ್ನು ಕಂಡ ಮನುಷ್ಯ. ಆರಾಮವಾಗಿ ಹೊಗೆ ಬಿಟ್ಟು ನಕ್ಕರು.

"ಮುಗೀತೇನವಾ ನಿನ್ನ ಅವ್ವಂದು? ತೋರಸ ತೋರಸ, ಯಾರ ಮಾರಿ ಬರದಿ ನೋಡೂಣು."

ಗೌರಮ್ಮ ಫೋನನ್ನು ನನ್ನ ಕಡೆ ತಿರುಗಿಸಿದಳು. ನಾನು ಪ್ರಿಂಟನ್ನು ಮುಂದೆ ತಂದು ಎತ್ತಿ ಹಿಡಿದೆ. ಹಿಡಿದ ಕೈಯ ಮೇಲಿಂದ ಇಣುಕಿ ಫೋನಿನಲ್ಲಿ ಮಲ್ಲಪ್ಪನವರ ಮುಖವನ್ನೇ ನೋಡುತ್ತಿದ್ದೆ.

ಅವರ ನಗು ನಿಂತಿತು. ಕಟ್ಟೆಯ ಮೇಲೆ ಒರಗಿದ್ದವರು ನೆಟ್ಟಗೆ ಕೂತರು. ಬೀಡಿ ಹಿಡಿದ ಬಲಗೈ ಸದ್ದಿಲ್ಲದೆ ಬೆನ್ನ ಹಿಂದಕ್ಕೆ ಹೋಯಿತು. ಭುಜದ ಹಿಂದಿನಿಂದ ಹೊಗೆ ಮೇಲೇಳುತ್ತಿತ್ತು.

ಗೌರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ನಗು ತಡೆಯಲಾಗುತ್ತಿರಲಿಲ್ಲ.

"ಅಣ್ಣಾ" ಎಂದಳು, "ಕೈ ಯಾಕ ಹಿಂದ ಇಟ್ಟಿ? ಬೀಡಿ ಬೆಂಕಿ ತಾಗೀತು, ಒಗಿಯೋ."

ಮಲ್ಲಪ್ಪ ಕಣ್ಣು ಕದಲಿಸಲಿಲ್ಲ.

"ತಡೀಬೇ" ಎಂದರು ಪಿಸುದನಿಯಲ್ಲಿ. "ಅವ್ವ ನೋಡಾಕತ್ತಾಳ."